ಅಸಾದ್‌ನನ್ನು ಅರಬ್ ದೇಶಗಳು ವಾಪಸ್ ಕರೆದು ಕೂರಿಸಿದ್ದು ಸರಿಯಾಗಿತ್ತಾ?

ದಮ್ಮಾಮ್‌ವಾಸಿ
ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಕೊರೆಯುತ್ತಿರುವ ಪ್ರಶ್ನೆ ಇದು. 2023ರ ಮೇ 7ರಂದು ಕೈರೋದಲ್ಲಿ ಅರಬ್ ದೇಶಗಳ ಒಕ್ಕೂಟವಾದ ಅರಬ್ ಲೀಗ್‌ನ ವಿದೇಶಾಂಗ ಸಚಿವರು ಸೇರಿ ಸಿರಿಯಾವನ್ನು ಮತ್ತೆ ಒಳಗೆ ಸೇರಿಸಿಕೊಂಡರು. ಮೇ 19ಕ್ಕೆ ಸಿರಿಯಾದ ಆಗಿನ ಅಧ್ಯಕ್ಷ ಬಷರ್ ಅಲ್ ಅಸಾದ್ ಜೆಡ್ಡಾ ಶೃಂಗಸಭೆಗೆ ಬಂದರು. ಸೌದಿ ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್ ಅಪ್ಪಿಕೊಂಡು ಬರಮಾಡಿಕೊಂಡರು. ಇದೇ ಲೀಗ್ 2011ರ ನವೆಂಬರ್‌ನಲ್ಲಿ ಸಿರಿಯಾವನ್ನು ಅಮಾನತು ಮಾಡಿತ್ತು. ಸರ್ಕಾರದ ವಿರುದ್ಧ ಎದ್ದ ಜನರ ಮೇಲೆ ಬಿಟ್ಟ ಟ್ಯಾಂಕ್‌ಗಳನ್ನು ಊರಿಂದ ಹೊರಗೆ ಕಳಿಸಿ, ಬಂಧಿಸಿದವರನ್ನು ಬಿಡಿ ಅಂತ ಲೀಗ್ ಕೇಳಿತ್ತು. ಅಸಾದ್ ಸರ್ಕಾರ ಒಪ್ಪಿಕೊಂಡಿತು, ಆದರೆ ಗುಂಡು ಹಾರಿಸುವುದನ್ನು ನಿಲ್ಲಿಸಲಿಲ್ಲ. ಅದಕ್ಕೇ ಅಮಾನತು.

ಹಾಗಾದ್ರೆ 2023ರ ಹೊತ್ತಿಗೆ ಏನು ಬದಲಾಗಿತ್ತು? ಜೈಲುಗಳು ಹಾಗೇ ಇದ್ದವು. ಐವತ್ತು ಲಕ್ಷಕ್ಕೂ ಜಾಸ್ತಿ ಜನ ಟರ್ಕಿ, ಲೆಬನಾನ್, ಜೋರ್ಡಾನ್, ಇರಾಕ್, ಈಜಿಪ್ಟಿನಲ್ಲಿ ನಿರಾಶ್ರಿತರಾಗಿ ಕೂತಿದ್ದರು. ಬಾಗಿಲು ತೆರೆದ 19 ತಿಂಗಳಿಗೆ, 2024ರ ಡಿಸೆಂಬರ್ 8ರಂದು, ಅಸಾದ್ ಮಾಸ್ಕೋಗೆ ಓಡಿಹೋದರು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮಾತಾಡಿದ್ದು ತಪ್ಪಲ್ಲ. ಪಕ್ಕದ ದೇಶದ ಜೊತೆ ಮಾತು ಬಿಟ್ಟು ಎಷ್ಟು ವರ್ಷ ಇರೋಕಾಗುತ್ತೆ? ಆದರೆ ಏನನ್ನೂ ಪಡೆಯದೆ ಕುರ್ಚಿ ಕೊಟ್ಟದ್ದು ತಪ್ಪು. ಇಲ್ಲಿ ನನ್ನ ಜೊತೆ ಕೆಲಸ ಮಾಡುವ ಸಿರಿಯಾದವರಲ್ಲೇ ಇದರ ಬಗ್ಗೆ ಒಮ್ಮತ ಇಲ್ಲ. ನಿಮಗೇನು ಅನ್ನಿಸುತ್ತೆ?

ಹಳೇ ಪುಟಗಳು
ನಾನು ಪೂರ್ತಿ ಒಪ್ಪಲ್ಲ. ಹನ್ನೆರಡು ವರ್ಷ ದೂರ ಇಟ್ಟು ಏನು ಸಾಧಿಸಿದರು ಹೇಳಿ? 2013ರಲ್ಲಿ ದೋಹಾ ಶೃಂಗಸಭೆಯಲ್ಲಿ ಸಿರಿಯಾದ ಕುರ್ಚಿಯಲ್ಲಿ ವಿರೋಧ ಪಕ್ಷಗಳ ಒಕ್ಕೂಟದ ನಾಯಕರನ್ನೇ ಕೂರಿಸಿದರು. ಅದರಿಂದ ಅಸಾದ್ ಅಲುಗಾಡಿದರಾ? ಅದೇ ವರ್ಷ ಆಗಸ್ಟ್‌ನಲ್ಲಿ ರಾಜಧಾನಿ ದಮಾಸ್ಕಸ್ ಪಕ್ಕದ ಘೌಟಾದಲ್ಲಿ ವಿಷಾನಿಲ ದಾಳಿ ಆಯಿತು. 2015ರಲ್ಲಿ ಅಸಾದ್ ನೆರವಿಗೆ ರಷ್ಯಾ ಯುದ್ಧವಿಮಾನಗಳು ಬಂದವು. 2016ರ ಕೊನೆಗೆ ಅಲೆಪ್ಪೊ ಅಸಾದ್ ಕೈಗೆ ವಾಪಸ್ ಹೋಯಿತು. ಅರಬ್ ದೇಶಗಳು ಹೊರಗೆ ನಿಂತಷ್ಟೂ ದಮಾಸ್ಕಸ್ ಒಳಗೆ ಇರಾನ್ ಮತ್ತು ರಷ್ಯಾ ಬೇರು ಬಿಟ್ಟವು.

ಇನ್ನೊಂದು. ಅರಬ್ ಲೀಗ್ ಹೀಗೆ ಮಾಡಿದ್ದು ಇದೇ ಮೊದಲಲ್ಲ. 1979ರಲ್ಲಿ ಇಸ್ರೇಲ್ ಜೊತೆ ಒಪ್ಪಂದ ಮಾಡಿಕೊಂಡಿತು ಅಂತ ಈಜಿಪ್ಟನ್ನೇ ಅಮಾನತು ಮಾಡಿ, ಕಚೇರಿಯನ್ನು ಕೈರೋದಿಂದ ಟ್ಯೂನಿಸ್‌ಗೆ ಎತ್ತಿಕೊಂಡು ಹೋದರು. 1989ರಲ್ಲಿ ವಾಪಸ್ ಕರೆದರು. ಈಜಿಪ್ಟ್ ಆ ಒಪ್ಪಂದವನ್ನು ಬಿಟ್ಟಿತಾ? ಇಲ್ಲ. ಭೂಪಟ ಬದಲಾಗಲ್ಲ, ಪಕ್ಕದವರ ಜೊತೆ ಬದುಕಲೇಬೇಕು.

ಶರಾವತಿ
ಸರ್, ಈಜಿಪ್ಟ್ ಉದಾಹರಣೆ ಇಲ್ಲಿ ಹೊಂದುವುದೇ ಇಲ್ಲ. ಈಜಿಪ್ಟ್ ಮಾಡಿದ್ದು ಒಂದು ಶಾಂತಿ ಒಪ್ಪಂದ. ಅಸಾದ್ ಮಾಡಿದ್ದು ತನ್ನ ಜನರನ್ನೇ ಕೊಂದದ್ದು. 2011ರ ಮಾರ್ಚ್‌ನಲ್ಲಿ ದರಾ ಊರಲ್ಲಿ ಶಾಲೆಯ ಗೋಡೆ ಮೇಲೆ ಸರ್ಕಾರದ ವಿರುದ್ಧ ಬರೆದರು ಅಂತ ಹುಡುಗರನ್ನು ಹಿಡಿದು ಹಿಂಸೆ ಕೊಟ್ಟರು. ಎಲ್ಲಾ ಶುರುವಾದದ್ದು ಅಲ್ಲಿಂದ. ಸಿರಿಯಾದ ಸೇನೆಯ ಫೋಟೋಗ್ರಾಫರ್ ಒಬ್ಬರು 2013ರಲ್ಲಿ ಐವತ್ತು ಸಾವಿರಕ್ಕೂ ಜಾಸ್ತಿ ಚಿತ್ರಗಳನ್ನು ಕದ್ದು ಹೊರಗೆ ತಂದರು. ಅದರಲ್ಲಿ ಅರ್ಧಕ್ಕೂ ಜಾಸ್ತಿ ಜೈಲಿನಲ್ಲಿ ಸತ್ತವರ ಚಿತ್ರಗಳು, ಹೆಣಗಳ ಮೇಲೆ ನಂಬರ್. 'ಸೀಸರ್' ಎಂಬ ಗುಪ್ತ ಹೆಸರಿನಲ್ಲಿ ಅವರು ಸಾಕ್ಷಿ ಹೇಳಿದರು. ಅಮೆರಿಕದ ನಿರ್ಬಂಧದ ಕಾಯ್ದೆಗೂ ಅದೇ ಹೆಸರು ಇಟ್ಟಿದ್ದರು. 2023ರಲ್ಲಿ ಕೈಕುಲುಕುವಾಗ ಈ ಚಿತ್ರಗಳು ಎಲ್ಲರಿಗೂ ಗೊತ್ತಿದ್ದವು. ಗೊತ್ತಿದ್ದೂ ಅಪ್ಪಿಕೊಂಡರು.

ಬೀದರ್ ಕೋಟೆ
ಅಪ್ಪಿಕೊಂಡವರೇನು ಪ್ರಜಾಪ್ರಭುತ್ವದವರಾ? ಅಲ್ಲೂ ಚುನಾವಣೆ ಇಲ್ಲ, ಇಲ್ಲೂ ಇಲ್ಲ. ಸರ್ವಾಧಿಕಾರಿ ಅಂತ ದೂರ ಇಡೋದಾದ್ರೆ ಲೀಗ್‌ನ 22 ದೇಶಗಳಲ್ಲಿ ಎಷ್ಟು ಉಳಿಯುತ್ತವೆ?

ಶರಾವತಿ
@ಬೀದರ್ ಕೋಟೆ, ಚುನಾವಣೆ ಇಲ್ಲದಿರುವುದು ಒಂದು ವಿಷಯ, ಊರಿನ ಮೇಲೆ ಬ್ಯಾರೆಲ್ ಬಾಂಬ್ ಹಾಕುವುದು ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. 2011ರಲ್ಲಿ ಅಮಾನತು ಮಾಡಿದಾಗ ಲೀಗ್ ಪ್ರಜಾಪ್ರಭುತ್ವ ತನ್ನಿ ಅಂತ ಕೇಳಿರಲಿಲ್ಲ. ಕೊಲ್ಲುವುದನ್ನು ನಿಲ್ಲಿಸಿ ಅಂತ ಕೇಳಿತ್ತು. ಅಷ್ಟು ಸಣ್ಣ ಷರತ್ತನ್ನೂ ಆಮೇಲೆ ಕೈಬಿಟ್ಟರು ಅನ್ನೋದೇ ನನ್ನ ಸಿಟ್ಟು.

ಮಸ್ಕತ್ ಮಂಜು
ಒಂದು ತಿದ್ದುಪಡಿ. "ಅರಬ್ ದೇಶಗಳು" ಅಂತ ಎಲ್ಲರನ್ನೂ ಒಟ್ಟಿಗೆ ಸೇರಿಸಿ ಮಾತಾಡುತ್ತಿದ್ದೀರಿ. ಎಲ್ಲರೂ ಸಂಬಂಧ ಕಡಿದುಕೊಂಡಿರಲಿಲ್ಲ. ಒಮಾನ್ ತನ್ನ ರಾಯಭಾರ ಕಚೇರಿಯನ್ನು ಮುಚ್ಚಲೇ ಇಲ್ಲ. ಅಲ್ಜೀರಿಯಾ, ಇರಾಕ್, ಲೆಬನಾನ್ ಕೂಡ ಸಂಬಂಧ ಇಟ್ಟುಕೊಂಡೇ ಇದ್ದವು. ಯುಎಇ 2018ರ ಡಿಸೆಂಬರ್‌ನಲ್ಲೇ ದಮಾಸ್ಕಸ್‌ನಲ್ಲಿ ಬಾವುಟ ಹಾರಿಸಿತು, ಅದರ ಬೆನ್ನಿಗೇ ಬಹರೇನ್ ನಮ್ಮ ಕಚೇರಿಯೂ ಕೆಲಸ ಮಾಡುತ್ತಿದೆ ಅಂದಿತು. 2022ರ ಮಾರ್ಚ್‌ನಲ್ಲಿ ಅಸಾದ್ ಯುಎಇಗೆ ಹೋದರು. 2011ರ ನಂತರ ಅದು ಅವರ ಮೊದಲ ಅರಬ್ ದೇಶದ ಭೇಟಿ. ಅಂದ್ರೆ 2023ರಲ್ಲಿ ಒಮ್ಮೆಲೇ ಆದದ್ದಲ್ಲ, ಐದು ವರ್ಷದಿಂದ ನಿಧಾನವಾಗಿ ನಡೆಯುತ್ತಿತ್ತು. ಕತಾರ್ ಮಾತ್ರ ಕೊನೇವರೆಗೂ ಒಪ್ಪಲಿಲ್ಲ. ಲೀಗ್ ನಿರ್ಧಾರಕ್ಕೆ ಅಡ್ಡ ಬರಲ್ಲ, ಆದರೆ ನಾವು ಸಂಬಂಧ ಬೆಳೆಸಲ್ಲ ಅಂತ ಹೇಳಿತು.

ದಮ್ಮಾಮ್‌ವಾಸಿ
ಸರಿಯಾದ ಮಾಹಿತಿ, ಧನ್ಯವಾದ ಮಂಜು ಅವರೇ. ಒಮಾನ್ ಮಾಡಿದ್ದರಲ್ಲಿ ನನಗೆ ತಕರಾರಿಲ್ಲ. ಕಚೇರಿ ಇತ್ತು, ಮಾತು ಇತ್ತು, ಆದರೆ ಮೆರವಣಿಗೆ ಇರಲಿಲ್ಲ. ನಾನು ಹೇಳುತ್ತಿರುವುದೂ ಅದನ್ನೇ.

ಕಡಲ ತಡಿ
ನೀವೆಲ್ಲಾ ತತ್ವ ಮಾತಾಡ್ತಾ ಇದ್ದೀರಿ ಮಾರಾಯ್ರೇ. ಸೌದಿ ಮತ್ತು ಜೋರ್ಡಾನ್‌ಗೆ ನಿಜವಾದ ತಲೆನೋವು ಕ್ಯಾಪ್ಟಗನ್ ಎಂಬ ನಶೆಯ ಮಾತ್ರೆ. ಸಿರಿಯಾದಲ್ಲಿ ತಯಾರಾಗಿ ಜೋರ್ಡಾನ್ ಗಡಿ ದಾಟಿ ಸೌದಿಗೆ ಬರುತ್ತಿತ್ತು. ಲೆಬನಾನ್ ಕಡೆಯಿಂದಲೂ. 2021ರ ಏಪ್ರಿಲ್‌ನಲ್ಲಿ ದಾಳಿಂಬೆ ಹಣ್ಣಿನೊಳಗೆ ಐವತ್ತು ಲಕ್ಷಕ್ಕೂ ಜಾಸ್ತಿ ಮಾತ್ರೆ ಸಿಕ್ಕಿದವು. ಆಗ ಸೌದಿ, ಲೆಬನಾನಿನ ಹಣ್ಣು ತರಕಾರಿಯನ್ನೇ ನಿಷೇಧ ಮಾಡಿತು. 2020ರಲ್ಲಿ ಇಟಲಿಯ ಸಲೆರ್ನೊ ಬಂದರಿನಲ್ಲಿ ಹಿಡಿದದ್ದು 14 ಟನ್, 8 ಕೋಟಿ 40 ಲಕ್ಷ ಮಾತ್ರೆ. 2022ರ ಜನವರಿಯಲ್ಲಿ ಜೋರ್ಡಾನ್ ಸೇನೆ ಒಂದೇ ದಿನ 27 ಜನ ಕಳ್ಳಸಾಗಣೆಗಾರರನ್ನು ಹೊಡೆದು ಹಾಕಿತು.

ನಾನು ಸೌದಿಯ ಜುಬೈಲ್‌ನಲ್ಲಿ ಇದ್ದಾಗ ನೋಡಿದ್ದೇನೆ. ರಾತ್ರಿ ಲಾರಿ ಓಡಿಸುವವರು, ಪರೀಕ್ಷೆಗೆ ಓದುವ ಹುಡುಗರು, ಎಲ್ಲರ ಬಾಯಲ್ಲೂ ಇದರ ಹೆಸರು. ತಮ್ಮ ಮನೆ ಮಕ್ಕಳು ಹಾಳಾಗುತ್ತಿರುವಾಗ ಆ ಸರ್ಕಾರಗಳು ಅಸಾದ್ ಜೊತೆ ಕೂತು "ಇದನ್ನು ನಿಲ್ಲಿಸು, ನಿನಗೇನು ಬೇಕು" ಅಂತ ಕೇಳಿದ್ದರಲ್ಲಿ ತಪ್ಪೇನು?

ಗಡಿಯಾರ
ಕೇಳಿದ್ದು ತಪ್ಪಲ್ಲ. ನಿಲ್ಲಿಸಿದರಾ?

ಅಮ್ಮಾನ್ ಡೈರಿ
ನಿಲ್ಲಲಿಲ್ಲ. ನಾನು ಆಗ ಜೋರ್ಡಾನ್‌ನ ಬಟ್ಟೆ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದೆ. ದಿನಾ ಸುದ್ದಿ ನೋಡುತ್ತಿದ್ದೆ. 2023ರ ಮೇ 1ರಂದು ಅಮ್ಮಾನ್‌ನಲ್ಲಿ ಜೋರ್ಡಾನ್, ಸೌದಿ, ಇರಾಕ್, ಈಜಿಪ್ಟ್ ಮತ್ತು ಸಿರಿಯಾದ ಸಚಿವರು ಕೂತರು. ನೀನೊಂದು ಹೆಜ್ಜೆ, ನಾನೊಂದು ಹೆಜ್ಜೆ ಅನ್ನೋದು ಲೆಕ್ಕ. ಡ್ರಗ್ಸ್ ತಡೆಯುತ್ತೇವೆ, ನಿರಾಶ್ರಿತರು ಬರಲು ದಾರಿ ಮಾಡುತ್ತೇವೆ ಅಂತ ಸಿರಿಯಾ ಮಾತು ಕೊಟ್ಟಿತು.

ಅದಾದ ಒಂದೇ ವಾರಕ್ಕೆ ಲೀಗ್ ಕುರ್ಚಿ ಕೊಟ್ಟುಬಿಟ್ಟಿತು. ಸಣ್ಣ ಹೆಜ್ಜೆ ಅಲ್ಲ, ದೊಡ್ಡ ಹೆಜ್ಜೆಯನ್ನೇ ಮೊದಲು ಇಟ್ಟರು. ಆಮೇಲೆ ಆಗಸ್ಟ್‌ನಲ್ಲಿ ಅಸಾದ್ ಸ್ಕೈ ನ್ಯೂಸ್ ಅರೇಬಿಯಾಗೆ ಸಂದರ್ಶನ ಕೊಟ್ಟರು. ಡ್ರಗ್ಸ್ ಹರಡಲು ಸಿರಿಯಾದಲ್ಲಿ ಗಲಭೆಗೆ ಕುಮ್ಮಕ್ಕು ಕೊಟ್ಟ ದೇಶಗಳೇ ಕಾರಣ ಅಂದರು. ನೀರು, ಕರೆಂಟ್ ಇಲ್ಲದ ಊರಿಗೆ ನಿರಾಶ್ರಿತರು ಹೇಗೆ ಬರುತ್ತಾರೆ ಅಂತ ತಿರುಗಿ ಕೇಳಿದರು. ಗಡಿಯಲ್ಲಿ ಗುಂಡಿನ ಕಾಳಗ ಹಾಗೇ ಮುಂದುವರಿಯಿತು. ಡ್ರೋನ್‌ನಲ್ಲಿ ಮಾತ್ರೆ ಕಟ್ಟಿ ಹಾರಿಸುತ್ತಿದ್ದರು. 2024ರ ಜನವರಿಯಲ್ಲಿ ಸಿರಿಯಾದ ಸ್ವೈದಾ ಭಾಗದ ಹಳ್ಳಿಯೊಂದರ ಮೇಲೆ ವಾಯುದಾಳಿ ಆಯಿತು. ಮಾಡಿದ್ದು ಜೋರ್ಡಾನ್ ಅಂತಲೇ ಎಲ್ಲರೂ ಹೇಳಿದರು. ಸತ್ತವರಲ್ಲಿ ಮಕ್ಕಳೂ ಇದ್ದರು. ಸಂಬಂಧ ಸರಿಹೋದ ಎರಡು ದೇಶಗಳ ಗಡಿ ಹೀಗಿರುತ್ತಾ?

ಅಸಾದ್ ಬಿದ್ದ ಮೇಲೆ ದಮಾಸ್ಕಸ್ ಹತ್ತಿರ ದೂಮಾದಲ್ಲಿ ಚಿಪ್ಸ್ ಫ್ಯಾಕ್ಟರಿಯೊಂದರಲ್ಲೇ ಮಾತ್ರೆಗಳ ರಾಶಿ ಸಿಕ್ಕಿತು. ಮೆಜ್ಜೆ ವಾಯುನೆಲೆಯಲ್ಲೂ ಸಿಕ್ಕಿತು. ಸೇನೆಯ ವಾಯುನೆಲೆ ಅದು. ಇದನ್ನು ಮಾಡುತ್ತಿದ್ದವರ ಬಳಿಯೇ ಇದನ್ನು ತಡೆಯಿರಿ ಅಂತ ಕೇಳಿಕೊಂಡಿದ್ದರು.

ಸುಮ್ನೆ ಓದುಗ
ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ಹಳೇ ಪುಟಗಳು
@ಅಮ್ಮಾನ್ ಡೈರಿ, ನೀವು ಹೇಳಿದ ಘಟನೆಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೇರೆ ದಾರಿ ಏನಿತ್ತು? ನಿರ್ಬಂಧ ಇತ್ತು, ಕೆಲಸ ಮಾಡಲಿಲ್ಲ. ಬಂಡುಕೋರರಿಗೆ ಹಣ, ಶಸ್ತ್ರ ಕೊಟ್ಟರು, ಅದೂ ಆಗಲಿಲ್ಲ. ಉಳಿದದ್ದು ಮಾತುಕತೆ ಒಂದೇ. ಪ್ರಯತ್ನ ಸೋತಿತು ಅನ್ನಿ, ಆದರೆ ಪ್ರಯತ್ನವೇ ಅನ್ಯಾಯ ಅನ್ನಬೇಡಿ. ಗಾಜಾ ಯುದ್ಧ ಶುರುವಾದ ಮೇಲೆ ಅಸಾದ್ ಅದರೊಳಗೆ ಇಳಿಯಲಿಲ್ಲ, ದೂರ ನಿಂತರು. ಅದಕ್ಕೆ ಕೊಲ್ಲಿ ದೇಶಗಳ ಸ್ನೇಹವೂ ಒಂದು ಕಾರಣ ಇರಬಹುದು ಅಂತ ನನ್ನ ಊಹೆ.

ಗಡಿಯಾರ
ಅಸಾದ್‌ನನ್ನು ಇರಾನ್‌ನಿಂದ ಬಿಡಿಸಿ ತರುತ್ತೇವೆ ಅಂತ ತಾನೇ ಅರಬ್ ದೇಶಗಳು ಹೇಳಿದ್ದು? 2023ರ ಮೇ 3ಕ್ಕೆ ಇರಾನ್ ಅಧ್ಯಕ್ಷ ರೈಸಿ ದಮಾಸ್ಕಸ್‌ಗೆ ಬಂದು ಅಸಾದ್ ಜೊತೆ ಒಪ್ಪಂದಗಳಿಗೆ ಸಹಿ ಹಾಕಿದರು. ಇರಾನ್ ಅಧ್ಯಕ್ಷರೊಬ್ಬರು ಅಲ್ಲಿಗೆ ಬಂದದ್ದು 2010ರ ನಂತರ ಅದೇ ಮೊದಲು. ನಾಲ್ಕು ದಿನ ಬಿಟ್ಟು ಅರಬ್ ಲೀಗ್ ಕುರ್ಚಿ ಕೊಟ್ಟಿತು. ಅಸಾದ್ ಎರಡೂ ಕಡೆಯಿಂದ ಇಸ್ಕೊಂಡರು. ಯಾರನ್ನೂ ಬಿಡಲಿಲ್ಲ.

ಮಲ್ನಾಡ್ ಮಳೆ
ಭೂಕಂಪವನ್ನು ಯಾರೂ ನೆನೆಯಲಿಲ್ಲ. 2023ರ ಫೆಬ್ರವರಿ 6. ಟರ್ಕಿ, ಸಿರಿಯಾ ಎರಡೂ ಸೇರಿ ಐವತ್ತು ಸಾವಿರಕ್ಕೂ ಜಾಸ್ತಿ ಜನ ಸತ್ತರು. ಆ ವೇಳೆ ಸಿರಿಯಾದ ವಾಯವ್ಯ ಭಾಗಕ್ಕೆ ವಿಶ್ವಸಂಸ್ಥೆಯ ನೆರವು ಹೋಗಲು ಒಪ್ಪಿಗೆ ಇದ್ದದ್ದು ಟರ್ಕಿಯಿಂದ ಬರುವ ಬಾಬ್ ಅಲ್ ಹವಾ ಗಡಿ ದಾರಿ ಒಂದಕ್ಕೇ. ಸೌದಿಯ ನೆರವಿನ ವಿಮಾನ ಅಲೆಪ್ಪೊದಲ್ಲಿ ಇಳಿಯಿತು. ಹತ್ತು ವರ್ಷದಲ್ಲಿ ಮೊದಲ ಸಲ. ಆಗ ಮನುಷ್ಯತ್ವದಿಂದ ಶುರುವಾದ ಸಂಪರ್ಕ ಅದು. ಅವಶೇಷದ ಕೆಳಗೆ ಸಿಕ್ಕಿಕೊಂಡವರಿಗೆ ನೆರವು ಕೊಡುವಾಗ ಅಲ್ಲಿ ಯಾರ ಸರ್ಕಾರ ಇದೆ ಅಂತ ನೋಡೋಕಾಗುತ್ತಾ? ನಮ್ಮ ದೇಶವೂ ಟರ್ಕಿ, ಸಿರಿಯಾ ಎರಡಕ್ಕೂ ನೆರವು ಕಳಿಸಿತು.

ಶರಾವತಿ
ನೆರವು ಕಳಿಸಿದ್ದನ್ನು ಯಾರೂ ತಪ್ಪು ಅನ್ನಲಿಲ್ಲ ಅಕ್ಕಾ. ಕಳಿಸಲೇಬೇಕಿತ್ತು. ಆದರೆ ನೆರವಿನ ವಿಮಾನದ ಹಿಂದೆ ಸಚಿವರ ಸಾಲು ಹೋಯಿತು ನೋಡಿ, ಅದು ಬೇರೆ ಕೆಲಸ. ಸಿರಿಯಾದಲ್ಲಿ ಸತ್ತವರಲ್ಲಿ ಬಹಳಷ್ಟು ಜನ ಅಸಾದ್ ಬಾಂಬ್‌ಗೆ ಹೆದರಿ ಬಂಡುಕೋರರ ಕೈಯಲ್ಲಿದ್ದ ಇದ್ಲಿಬ್ ಕಡೆ ಓಡಿಬಂದಿದ್ದವರು. ಅವರ ಸಾವಿನಿಂದ ಅಸಾದ್‌ಗೆ ರಾಜಕೀಯ ಲಾಭ ಆಯಿತು. ಅದು ನನಗೆ ತಡೆಯೋಕಾಗಲ್ಲ.

ಬೀದರ್ ಕೋಟೆ
ನಮ್ಮ ದೇಶದ ಮಾತು ಬಂತಲ್ಲ, ಕೇಳುತ್ತೇನೆ. ಭಾರತ ಯಾವತ್ತೂ ದಮಾಸ್ಕಸ್ ಜೊತೆ ಸಂಬಂಧ ಕಡಿದುಕೊಳ್ಳಲಿಲ್ಲ. ಯುದ್ಧದುದ್ದಕ್ಕೂ ನಮ್ಮ ರಾಯಭಾರ ಕಚೇರಿ ಅಲ್ಲಿತ್ತು. 2023ರ ಜುಲೈನಲ್ಲಿ ನಮ್ಮ ವಿದೇಶಾಂಗ ರಾಜ್ಯ ಸಚಿವರು ಅಲ್ಲಿಗೆ ಹೋಗಿ ಬಂದರು. ಅದು ಸರಿ, ಅರಬರು ಮಾಡಿದ್ದು ಮಾತ್ರ ತಪ್ಪಾ?

ಮಸ್ಕತ್ ಮಂಜು
ಅದರ ಲಾಭವನ್ನೂ ಹೇಳಿ. 2024ರ ಡಿಸೆಂಬರ್‌ನಲ್ಲಿ ಅಸಾದ್ ಸರ್ಕಾರ ಬಿದ್ದಾಗ ಭಾರತದ 75 ಜನರನ್ನು ಲೆಬನಾನ್ ಮೂಲಕ ಹೊರಗೆ ತಂದರು. ಅದರಲ್ಲಿ 44 ಜನ ಜಮ್ಮು ಕಾಶ್ಮೀರದ ಯಾತ್ರಿಕರು, ಸಯ್ಯಿದಾ ಜೈನಬ್ ದರ್ಗಾಕ್ಕೆ ಹೋಗಿ ಸಿಕ್ಕಿಕೊಂಡಿದ್ದವರು. ದಮಾಸ್ಕಸ್‌ನಲ್ಲಿ ಕಚೇರಿ ಇಲ್ಲದಿದ್ದರೆ ಅವರನ್ನು ಕರೆತರುವವರು ಯಾರು? ರಾಯಭಾರ ಕಚೇರಿ ಅಂದ್ರೆ ಅಲ್ಲಿನ ಸರ್ಕಾರಕ್ಕೆ ಕೊಡುವ ಬಹುಮಾನ ಅಲ್ಲ. ಅದು ನಮ್ಮ ಜನರಿಗಾಗಿ ಇರುವುದು.

ಕಡಲ ತಡಿ
ಯುದ್ಧದ ನಡುವೆ ಹೊರದೇಶದಲ್ಲಿ ಸಿಕ್ಕಿಕೊಂಡರೆ ಏನಾಗುತ್ತದೆ ಅಂತ ಗಲ್ಫ್‌ನಲ್ಲಿ ಇದ್ದವರಿಗೆ ಗೊತ್ತು. ವಿಷಯ ಸ್ವಲ್ಪ ಬೇರೆ, ಆದರೂ ಹೇಳುತ್ತೇನೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಕಾಳಗ ಶುರುವಾದಾಗ ನಮ್ಮ ಹಕ್ಕಿಪಿಕ್ಕಿ ಜನ ಎಷ್ಟೊಂದು ಮಂದಿ ಅಲ್ಲಿ ಸಿಕ್ಕಿಬಿದ್ದಿದ್ದರು, ನೆನಪಿದೆಯಾ? ಗಿಡಮೂಲಿಕೆ ಔಷಧ ಮಾರಲು ಹೋದವರು. ಎಲ್ ಫಶೇರ್‌ನಿಂದ ವಿಡಿಯೊ ಕಳಿಸುತ್ತಿದ್ದರು, ಊಟ ಇಲ್ಲ, ನೀರಿಲ್ಲ ಅಂತ. ಆಪರೇಷನ್ ಕಾವೇರಿ ಅಂತ ಮಾಡಿ ಕರೆತಂದರು. ಸುಡಾನ್‌ನಿಂದ ಹಡಗು, ವಿಮಾನ ಹೋದದ್ದು ಜೆಡ್ಡಾಕ್ಕೆ. ಮೂರು ವಾರ ಕಳೆದು ಅಸಾದ್ ಬಂದ ಅದೇ ಜೆಡ್ಡಾ.

ಮಲ್ನಾಡ್ ಮಳೆ
ನೆನಪಿದೆ. ನಮ್ಮ ಜಿಲ್ಲೆಯವರೂ ಇದ್ದರು. ಆ ದಿನಗಳಲ್ಲಿ ನಾವೆಲ್ಲಾ ಟಿವಿ ಮುಂದೆಯೇ ಕೂತಿದ್ದೆವು.

ಗಡಿಯಾರ
ಸುಡಾನ್ ಅಂದದ್ದಕ್ಕೆ ನೆನಪಾಯಿತು. 2011ರ ನಂತರ ದಮಾಸ್ಕಸ್‌ಗೆ ಹೋದ ಮೊದಲ ಅರಬ್ ಲೀಗ್ ದೇಶದ ಮುಖ್ಯಸ್ಥ ಸುಡಾನ್‌ನ ಒಮರ್ ಅಲ್ ಬಷೀರ್. 2018ರ ಡಿಸೆಂಬರ್‌ನಲ್ಲಿ. ಅದೇ ತಿಂಗಳು ಅವರ ದೇಶದಲ್ಲಿ ಪ್ರತಿಭಟನೆ ಶುರುವಾಯಿತು. 2019ರ ಏಪ್ರಿಲ್‌ನಲ್ಲಿ ಅವರೇ ಅಧಿಕಾರ ಕಳೆದುಕೊಂಡರು. ಈ ಆಳುವವರು ಒಬ್ಬರನ್ನೊಬ್ಬರು ಗಟ್ಟಿ ಅಂದುಕೊಂಡು ಅಪ್ಪಿಕೊಳ್ಳುತ್ತಾರೆ. ಕೆಳಗಿನ ಜನ ಏನು ಯೋಚಿಸುತ್ತಿದ್ದಾರೆ ಅಂತ ಇಬ್ಬರಿಗೂ ಗೊತ್ತಿರಲ್ಲ.

ದಮ್ಮಾಮ್‌ವಾಸಿ
@ಬೀದರ್ ಕೋಟೆ, ನಿಮ್ಮ ಪ್ರಶ್ನೆಗೆ ಉತ್ತರ ಕೊಡಬೇಕು. ಭಾರತದ ಕಚೇರಿ ಮತ್ತು ಅರಬ್ ಲೀಗ್‌ನ ಕುರ್ಚಿ ಎರಡೂ ಒಂದೇ ಅಲ್ಲ. ನಾವು ಅಸಾದ್‌ನಿಂದ ಯಾವ ಸ್ಥಾನವನ್ನೂ ಕಿತ್ತುಕೊಂಡಿರಲಿಲ್ಲ, ವಾಪಸ್ ಕೊಡುವ ಮಾತೂ ಇರಲಿಲ್ಲ. ಲೀಗ್ ಒಂದು ಕಾರಣ ಕೊಟ್ಟು ಹೊರಗೆ ಹಾಕಿತ್ತು. ಕಾರಣ ಹಾಗೇ ಇರುವಾಗ ಒಳಗೆ ಕರೆದರೆ, ಆ ಕಾರಣ ಮುಖ್ಯವೇ ಅಲ್ಲ ಅಂದ ಹಾಗಾಯಿತು.

ಸಂಬಂಧದಿಂದ ಸಾಮಾನ್ಯ ಜನಕ್ಕೆ ಅನುಕೂಲ ಆದದ್ದೂ ಇದೆ, ಅದನ್ನು ನಾನು ಮುಚ್ಚಿಡಲ್ಲ. 2024ರ ಮೇನಲ್ಲಿ ದಮಾಸ್ಕಸ್‌ನಿಂದ ನೇರವಾಗಿ ಜೆಡ್ಡಾಕ್ಕೆ ಹಜ್ ವಿಮಾನ ಬಂತು, ಹತ್ತು ವರ್ಷಕ್ಕೂ ಜಾಸ್ತಿ ಕಾಲದ ಮೇಲೆ. ನಮ್ಮ ಆಫೀಸಿನ ಹೋಮ್ಸ್ ಊರಿನ ಒಬ್ಬರು ತಮ್ಮ ತಾಯಿಯನ್ನು ಆ ವರ್ಷ ನೋಡಿದರು. ಏರ್‌ಪೋರ್ಟಿಂದ ಬಂದವರು ಎರಡು ದಿನ ಸರಿಯಾಗಿ ಮಾತೇ ಆಡಲಿಲ್ಲ. ಇನ್ನೊಬ್ಬರು ದರಾ ಕಡೆಯವರು. ಅವರ ಅಣ್ಣನನ್ನು 2012ರಲ್ಲಿ ಹಿಡಿದುಕೊಂಡು ಹೋದದ್ದು, ಇವತ್ತಿಗೂ ಸುದ್ದಿ ಇಲ್ಲ. ಜೆಡ್ಡಾ ಶೃಂಗಸಭೆಯ ದಿನ ಅವರು ರಜೆ ಹಾಕಿ ಮನೆಯಲ್ಲಿ ಕೂತರು. ಇಬ್ಬರೂ ಒಂದೇ ಕೋಣೆಯಲ್ಲಿ ಕೆಲಸ ಮಾಡುತ್ತಾರೆ. ಇಬ್ಬರೂ ಒಳ್ಳೆಯವರು.

ಅಮ್ಮಾನ್ ಡೈರಿ
ಪಾಸ್‌ಪೋರ್ಟ್ ವಿಷಯವನ್ನೂ ಸೇರಿಸಿ. ಹೊರದೇಶದಲ್ಲಿರುವ ಸಿರಿಯಾದವರು ಪಾಸ್‌ಪೋರ್ಟ್‌ಗೆ 300 ಡಾಲರ್ ಕೊಡಬೇಕಿತ್ತು, ಅರ್ಜೆಂಟ್ ಆದರೆ 800. ಯಾವ ಸರ್ಕಾರಕ್ಕೆ ಹೆದರಿ ಓಡಿಬಂದರೋ ಅದೇ ಸರ್ಕಾರದ ಕಚೇರಿಯಲ್ಲಿ ಸಾಲು ನಿಂತು ದುಡ್ಡು ಕಟ್ಟಬೇಕು. ಕಚೇರಿ ತೆರೆದರೆ ಜನಕ್ಕೆ ಅನುಕೂಲ ಅನ್ನುವ ಮಾತು ಪೂರ್ತಿ ಸುಳ್ಳಲ್ಲ, ಆದರೆ ಆ ಅನುಕೂಲದ ಬೆಲೆ ಯಾರ ಜೇಬಿಗೆ ಹೋಗುತ್ತಿತ್ತು ಅನ್ನೋದೂ ಗೊತ್ತಿರಲಿ.

ಬೆಳಗಾವಿ ರೈಲು
ಕ್ಷಮಿಸಿ, ಮಧ್ಯೆ ಬರುತ್ತಿದ್ದೇನೆ. ನಿರಾಶ್ರಿತರು ವಾಪಸ್ ಹೋಗಬೇಕು ಅನ್ನುವುದೇ ಜೋರ್ಡಾನ್, ಲೆಬನಾನ್‌ನ ದೊಡ್ಡ ಒತ್ತಡ ಅಲ್ವಾ? ಲೆಬನಾನ್ ಎಷ್ಟು ಸಣ್ಣ ದೇಶ, ಅಷ್ಟು ಜನರನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೆ?

ಶರಾವತಿ
ಆ ಕಷ್ಟ ನಿಜ. ಜೋರ್ಡಾನ್‌ನ ಝಾತರಿ ನಿರಾಶ್ರಿತರ ಶಿಬಿರ 2012ರಲ್ಲಿ ಟೆಂಟ್ ಹಾಕಿ ಶುರುವಾದದ್ದು, ಈಗ ಅಲ್ಲಿ ಅಂಗಡಿ ಬೀದಿಯೇ ಇದೆ. ಆದರೆ ಅವರು ಯಾಕೆ ಹೋಗಲಿಲ್ಲ ಅಂತ ಕೇಳಿ. ಹೋದರೆ ಗಂಡುಮಕ್ಕಳನ್ನು ಸೇನೆಗೆ ಎಳೆಯುತ್ತಾರೆ ಅನ್ನುವ ಭಯ, ಇಲ್ಲವೇ ಜೈಲು. 2018ರ 10ನೇ ಕಾನೂನು ಬೇರೆ. ಸರ್ಕಾರ ಗುರುತಿಸಿದ ಪ್ರದೇಶದಲ್ಲಿ ಆಸ್ತಿ ಇದ್ದವರು ಗಡುವಿನೊಳಗೆ ದಾಖಲೆ ತೋರಿಸದಿದ್ದರೆ ಜಾಗ ಹೋಗುತ್ತಿತ್ತು. ಓಡಿಹೋದವನು ಹೇಗೆ ತೋರಿಸುತ್ತಾನೆ? ಅರಬ್ ದೇಶಗಳು ಈ ಒಂದು ಕಾನೂನನ್ನಾದರೂ ತೆಗೆಸಿ ಕುರ್ಚಿ ಕೊಡಬಹುದಿತ್ತು.

ಅಸಾದ್ ಹೋದ ಮೇಲೆ ಏನಾಯಿತು ನೋಡಿ. ಯಾರೂ ತಳ್ಳದೆ ಲಕ್ಷಗಟ್ಟಲೆ ಜನ ತಾವೇ ಗಂಟುಮೂಟೆ ಕಟ್ಟಿಕೊಂಡು ಹೊರಟರು. ಅವರಿಗೆ ಅಡ್ಡಿ ಆಗಿದ್ದದ್ದು ಅಸಾದ್ ಸರ್ಕಾರದ ಭಯ.

ಹಳೇ ಪುಟಗಳು
ಮೇಡಂ, ಈಗ ಹಿಂದೆ ತಿರುಗಿ ನೋಡಿ ಹೇಳುವುದು ಸುಲಭ. 2024ರ ನವೆಂಬರ್ 27ಕ್ಕೆ ಬಂಡುಕೋರರ ದಾಳಿ ಶುರುವಾಗಿ ಡಿಸೆಂಬರ್ 8ಕ್ಕೆ ದಮಾಸ್ಕಸ್ ಬೀಳುತ್ತದೆ ಅಂತ ಯಾರು ಅಂದುಕೊಂಡಿದ್ದರು? ಅದೇ ನವೆಂಬರ್ 11ಕ್ಕೆ ಅಸಾದ್ ರಿಯಾದ್ ಶೃಂಗಸಭೆಯಲ್ಲಿ ಕೂತಿದ್ದರು. ಯುರೋಪಿನ ಇಟಲಿಯೂ ರಾಯಭಾರಿ ಕಳಿಸಲು ತೀರ್ಮಾನಿಸಿತ್ತು. ಟರ್ಕಿಯ ಎರ್ಡೊಗಾನ್ ಸಹ ಭೇಟಿಗೆ ಕರೆದಿದ್ದರು. ಜಗತ್ತೆಲ್ಲಾ ಅಸಾದ್ ಗೆದ್ದಾಯಿತು ಅಂದುಕೊಂಡಿತ್ತು. ಇರುವ ಸ್ಥಿತಿ ನೋಡಿ ನಿರ್ಧಾರ ಮಾಡಿದ ಸರ್ಕಾರಗಳನ್ನು ಮುಂದೆ ಆದದ್ದರಿಂದ ಅಳೆಯಬೇಡಿ.

ಗಡಿಯಾರ
ನಾನು 2023ರಲ್ಲಿ ಇದ್ದ ಸ್ಥಿತಿಯಿಂದಲೇ ಅಳೆಯುತ್ತೇನೆ. ಬಾಗಿಲು ತೆರೆದ ಮೂರು ತಿಂಗಳಲ್ಲಿ ಸಿರಿಯಾದ ಲಿರಾ ಡಾಲರ್‌ಗೆ ಹತ್ತು ಸಾವಿರ ದಾಟಿತು. ಯುದ್ಧಕ್ಕೆ ಮೊದಲು ಸುಮಾರು 50 ಇತ್ತು. ಆಗಸ್ಟ್‌ನಲ್ಲಿ ಪೆಟ್ರೋಲ್ ಸಬ್ಸಿಡಿ ಕಡಿತ ಮಾಡಿದರು, ಸ್ವೈದಾದಲ್ಲಿ ದ್ರೂಸ್ ಎಂಬ ಅಲ್ಪಸಂಖ್ಯಾತ ಪಂಗಡದ ಜನ ಬೀದಿಗೆ ಬಂದು "ಅಸಾದ್ ಇಳಿಯಿರಿ" ಅಂತ ಕೂಗಿದರು. ಆ ಸರ್ಕಾರ ಒಳಗಿಂದ ಟೊಳ್ಳಾಗಿದೆ ಅನ್ನೋದು ಅಲ್ಲಿನ ಬೀದಿಯಲ್ಲಿ ನಿಂತವರಿಗೆ ಕಾಣುತ್ತಿತ್ತು. ಅರಮನೆಯಲ್ಲಿ ಕೂತವರಿಗೆ ಕಾಣಲಿಲ್ಲ. ಸೈನಿಕರಿಗೆ ಸಂಬಳ ಸಾಲುತ್ತಿರಲಿಲ್ಲ. 2024ರ ಹೊತ್ತಿಗೆ, ಅಸಾದ್ ಬೆಂಬಲಕ್ಕೆ ನಿಂತಿದ್ದ ಹೆಜ್ಬುಲ್ಲಾ ಸಂಘಟನೆ ಲೆಬನಾನ್ ಯುದ್ಧದಲ್ಲಿ ಸೊರಗಿತ್ತು, ರಷ್ಯಾ ಉಕ್ರೇನ್‌ನಲ್ಲಿ ಸಿಕ್ಕಿಕೊಂಡಿತ್ತು. ಅವರು ಕೈಬಿಟ್ಟ ದಿನ ಸರ್ಕಾರ ಬಿತ್ತು.

ಹಳೇ ಪುಟಗಳು
ಅದನ್ನೇ ನಾನೂ ಹೇಳುವುದು. ಬಿದ್ದದ್ದು ಹೆಜ್ಬುಲ್ಲಾ, ರಷ್ಯಾ ಕಾರಣದಿಂದ. ಅರಬ್ ಲೀಗ್ ಕುರ್ಚಿ ಕೊಟ್ಟರೂ ಬೀಳುತ್ತಿತ್ತು, ಕೊಡದಿದ್ದರೂ ಬೀಳುತ್ತಿತ್ತು.

ಸುಮ್ನೆ ಓದುಗ
ಹಾಗಾದ್ರೆ ಕೊಡದೇ ಇರಬಹುದಿತ್ತಲ್ಲ.

ಶರಾವತಿ
ಒಂದು ವಿಷಯ ಇಲ್ಲಿ ಯಾರೂ ಎತ್ತಲಿಲ್ಲ, ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟದ್ದು ಅದೇ. 2023ರ ಜೂನ್ 29. ಜೆಡ್ಡಾ ಶೃಂಗಸಭೆ ಮುಗಿದು ಆರು ವಾರ ಕೂಡ ಆಗಿರಲಿಲ್ಲ. ಸಿರಿಯಾದಲ್ಲಿ ಕಾಣೆಯಾದವರನ್ನು ಹುಡುಕಲು ಒಂದು ಸಂಸ್ಥೆ ಮಾಡಬೇಕು ಅಂತ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಮತಕ್ಕೆ ಹಾಕಿದರು. ಯಾರನ್ನೂ ಶಿಕ್ಷಿಸುವ ಸಂಸ್ಥೆ ಅಲ್ಲ ಅದು. ನನ್ನ ಮಗ ಬದುಕಿದ್ದಾನಾ, ಸತ್ತಿದ್ದಾನಾ, ಸತ್ತರೆ ಎಲ್ಲಿ ಹೂತಿದ್ದಾರೆ, ಇಷ್ಟನ್ನೇ ತಿಳಿದು ಹೇಳುವ ಸಂಸ್ಥೆ. ಕಾಣೆಯಾದವರ ಮನೆಯ ಹೆಂಗಸರೇ ವರ್ಷಗಟ್ಟಲೆ ಓಡಾಡಿ ಕೇಳಿದ್ದು. 83 ದೇಶಗಳು ಪರ, 11 ವಿರುದ್ಧ, 62 ತಟಸ್ಥ. ಬಹುತೇಕ ಅರಬ್ ದೇಶಗಳು ತಟಸ್ಥ ಕೂತವು. ಕತಾರ್, ಕುವೈತ್ ಪರವಾಗಿ ಮತ ಹಾಕಿದವು.

ಮಾತುಕತೆಯಿಂದ ಜನಕ್ಕೆ ಒಳ್ಳೇದಾಗುತ್ತೆ ಅನ್ನುವವರು ಇದಕ್ಕೆ ಉತ್ತರ ಕೊಡಿ. ಹೊಸ ಸ್ನೇಹ ಕೆಡಬಾರದು ಅಂತ ತಾಯಂದಿರ ಆ ಒಂದು ಪ್ರಶ್ನೆಗೂ ಕೈ ಎತ್ತಲಿಲ್ಲ. ಆಮೇಲೆ ಅಸಾದ್ ಬಿದ್ದು ಸೆದ್ನಾಯಾ ಜೈಲಿನ ಬಾಗಿಲು ಒಡೆದ ದಿನ ಜನ ಮೊಬೈಲ್ ಟಾರ್ಚ್ ಹಿಡಿದು ನೆಲದ ಕಾಗದ ಹೆಕ್ಕುತ್ತಾ ತಮ್ಮವರ ಹೆಸರು ಹುಡುಕುತ್ತಿದ್ದರಲ್ಲ, ನೀವೂ ನೋಡಿರುತ್ತೀರಿ.

ಮಲ್ನಾಡ್ ಮಳೆ
ಇದು ನನಗೆ ಗೊತ್ತಿರಲಿಲ್ಲ. ಬಹಳ ಬೇಸರ ಆಯಿತು.

ಹಳೇ ಪುಟಗಳು
ಆ ಮತದ ವಿಷಯದಲ್ಲಿ ನಾನು ಅವರ ಪರ ನಿಲ್ಲಲಾರೆ. ಸಂಬಂಧ ಇಟ್ಟುಕೊಂಡೇ ಪರವಾಗಿ ಮತ ಹಾಕಬಹುದಿತ್ತು.

ಮಸ್ಕತ್ ಮಂಜು
ಈಗಿನ ಮಾತಿಗೆ ಬನ್ನಿ. ಅಸಾದ್‌ನನ್ನು ಇಳಿಸಿದ ಬಂಡುಕೋರರ ನಾಯಕ ಅಹ್ಮದ್ ಅಲ್ ಶರಾ ಅಧಿಕಾರಕ್ಕೆ ಬಂದರು. 2025ರ ಫೆಬ್ರವರಿಯಲ್ಲಿ ಅವರ ಮೊದಲ ವಿದೇಶ ಭೇಟಿ ರಿಯಾದ್‌ಗೇ. ಮೇ ತಿಂಗಳಲ್ಲಿ ರಿಯಾದ್‌ನಲ್ಲೇ ಟ್ರಂಪ್ ನಿರ್ಬಂಧ ತೆಗೆಯುತ್ತೇವೆ ಅಂದರು, ಮರುದಿನ ಶರಾ ಅವರನ್ನು ಭೇಟಿಯಾದರು. ಒಂದು ಕಾಲಕ್ಕೆ ಅಲ್ ಖೈದಾ ಜೊತೆ ಇದ್ದ ವ್ಯಕ್ತಿ. ಅಸಾದ್‌ಗೆ ಷರತ್ತು ಹಾಕಲಿಲ್ಲ ಅಂತ ಬೈಯುತ್ತಿದ್ದೇವೆ. ಇವರಿಗೆ ಹಾಕಿದ್ದಾರಾ?

ಅಮ್ಮಾನ್ ಡೈರಿ
ಮುಖ್ಯವಾದ ಪ್ರಶ್ನೆ. 2025ರ ಮಾರ್ಚ್‌ನಲ್ಲಿ ಸಿರಿಯಾದ ಕರಾವಳಿಯಲ್ಲಿ, ಅಸಾದ್ ಕುಟುಂಬವೂ ಸೇರಿದ ಅಲವಿ ಸಮುದಾಯದ ಮೇಲೆ ನಡೆದ ಹತ್ಯೆಗಳಲ್ಲಿ ಸುಮಾರು 1,400 ಜನ ಸತ್ತರು. ಜುಲೈನಲ್ಲಿ ಸ್ವೈದಾದಲ್ಲಿ ಮತ್ತೆ ರಕ್ತಪಾತ. ಅಸಾದ್ ವಿರುದ್ಧ ಬೀದಿಗಿಳಿದಿದ್ದ ಅದೇ ಸ್ವೈದಾ.

ಕಡಲ ತಡಿ
ಹೊಸ ಸರ್ಕಾರವನ್ನು ಅಸಾದ್‌ಗೆ ಹೋಲಿಸಬೇಡಿ. ಐವತ್ತು ವರ್ಷ ಅಪ್ಪ ಮಗ ಆಳಿ ಹಾಳು ಮಾಡಿದ ದೇಶ. ಸಮಯ ಕೊಡಿ. ಹೊರಗಿನವರು ಕೈಬಿಟ್ಟರೆ ಮತ್ತೆ ಇರಾನ್, ರಷ್ಯಾ ಬಾಗಿಲಿಗೇ ಹೋಗುತ್ತಾರೆ.

ದಮ್ಮಾಮ್‌ವಾಸಿ
ಸಮಯ ಕೊಡೋಣ, ಒಪ್ಪುತ್ತೇನೆ. ಹಣವನ್ನೂ ಕೊಡಲಿ. 2025ರ ಏಪ್ರಿಲ್‌ನಲ್ಲಿ ಸೌದಿ ಮತ್ತು ಕತಾರ್ ಸೇರಿ ವಿಶ್ವಬ್ಯಾಂಕಿಗೆ ಸಿರಿಯಾ ಕಟ್ಟಬೇಕಿದ್ದ ಸುಮಾರು 1.5 ಕೋಟಿ ಡಾಲರ್ ಬಾಕಿಯನ್ನು ತೀರಿಸುತ್ತೇವೆ ಅಂದವು. ಒಳ್ಳೇ ಕೆಲಸ. ಆದರೆ ಕರಾವಳಿಯ ಹತ್ಯೆಗಳು ನಡೆದು ಆಗ ಎರಡು ತಿಂಗಳೂ ಆಗಿರಲಿಲ್ಲ. ತಪ್ಪಿತಸ್ಥರ ಮೇಲೆ ಬಹಿರಂಗ ವಿಚಾರಣೆ ಆಗಲಿ, ಕಾಣೆಯಾದವರನ್ನು ಹುಡುಕುವ ಆ ವಿಶ್ವಸಂಸ್ಥೆಯ ತಂಡಕ್ಕೆ ಜೈಲಿನ ದಾಖಲೆಗಳನ್ನೆಲ್ಲಾ ಕೊಡಲಿ ಅಂತ ಆ ಹಣದ ಜೊತೆಗೇ ಕೇಳಬಹುದಿತ್ತು. ಕೇಳಿದ್ದರೆ ಶರಾ ಇಲ್ಲ ಅನ್ನುವ ಸ್ಥಿತಿಯಲ್ಲಿ ಇರಲಿಲ್ಲ.

ಹಳೇ ಪುಟಗಳು
ಬಹಿರಂಗವಾಗಿ ಷರತ್ತು ಹಾಕಿದರೆ ಹೊಸ ಸರ್ಕಾರಕ್ಕೆ ಮುಖಭಂಗ. ಒಳಗೊಳಗೇ ಕೇಳಿರಬಹುದು.

ಶರಾವತಿ
ಅಸಾದ್ ವಿಷಯದಲ್ಲೂ "ಒಳಗೊಳಗೇ ಕೇಳುತ್ತಿದ್ದೇವೆ" ಅಂತಲೇ ಸಮಾಧಾನ ಹೇಳಿದ್ದರು ಸರ್. ಈ ಸಲ ಬರೆದು ಕೇಳಲಿ. ದಮ್ಮಾಮ್ ಅಣ್ಣ, ನಿಮ್ಮ ದರಾ ಕಡೆಯ ಸಹೋದ್ಯೋಗಿಯ ಅಣ್ಣನ ವಿವರವನ್ನು ಆ ವಿಶ್ವಸಂಸ್ಥೆಯ ತಂಡಕ್ಕೆ ಅವರ ಮನೆಯವರು ಕೊಟ್ಟಿದ್ದಾರಾ? ಕುಟುಂಬದವರು ತಾವಾಗಿಯೇ ಅವರನ್ನು ಸಂಪರ್ಕಿಸಬಹುದು. ಸಾಧ್ಯವಾದರೆ ಒಮ್ಮೆ ಕೇಳಿ ನೋಡಿ.

ದಮ್ಮಾಮ್‌ವಾಸಿ
ನಾಳೆಯೇ ಕೇಳುತ್ತೇನೆ ಅಕ್ಕಾ.